ಅನ್ನವನ್ನೂ ವಿಷವನ್ನೂ ಕೊಟ್ಟ ಫ್ರಿಟ್ಜ್ ಹೇಬರ್

ಬಿತ್ತನೆಯ ಹೊತ್ತಿಗೆ ಯೂರಿಯಾ ಚೀಲಕ್ಕಾಗಿ ರೈತರು ಸಾಲುಗಟ್ಟಿ ನಿಲ್ಲುವ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಆ ಯೂರಿಯಾಕ್ಕೆ ಮೂಲ ಅಮೋನಿಯಾ. ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ತಯಾರಿಸುವ ಮಾರ್ಗವನ್ನು ತೋರಿದವನು ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್. ಜಗತ್ತಿನ ಸುಮಾರು ಅರ್ಧದಷ್ಟು ಜನರ ಆಹಾರ ಇಂದು ಈ ವಿಧಾನವನ್ನೇ ಅವಲಂಬಿಸಿದೆ ಎಂದು ತಜ್ಞರು ಅಂದಾಜು ಮಾಡಿದ್ದಾರೆ. ಸಾವಿರಾರು ಸೈನಿಕರತ್ತ ವಿಷಾನಿಲವನ್ನು ಹರಿಯಬಿಟ್ಟವನೂ ಇದೇ ಹೇಬರ್.

ಆತ ಜನಿಸಿದ್ದು 1868ರ ಡಿಸೆಂಬರ್ 9ರಂದು, ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲೌ ನಗರದ ಯಹೂದಿ ಕುಟುಂಬದಲ್ಲಿ. ತಂದೆ ಬಣ್ಣದ ವ್ಯಾಪಾರಿ. ಹೆತ್ತ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ಯಹೂದಿಗಳಿಗೆ ಉನ್ನತ ಹುದ್ದೆ ದುರ್ಲಭವಾಗಿದ್ದ ಆ ಕಾಲದಲ್ಲಿ ಹೇಬರ್ 1892ರಲ್ಲಿ ಕ್ರೈಸ್ತ ಮತಕ್ಕೆ ಸೇರಿದ. ಜರ್ಮನ್ ಎನಿಸಿಕೊಳ್ಳಬೇಕೆಂಬ ಹಂಬಲ ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಆಗ ಯೂರೋಪಿನ ಹೊಲಗಳಿಗೆ ಬೇಕಾದ ನೈಟ್ರೇಟ್ ಬಹುಪಾಲು ದೂರದ ಚಿಲಿಯ ಮರುಭೂಮಿಯಿಂದ ಹಡಗಿನಲ್ಲಿ ಬರಬೇಕಿತ್ತು. 1909ರಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಾಲಯದಲ್ಲಿ ಹೇಬರ್, ಸಾರಜನಕ ಮತ್ತು ಜಲಜನಕವನ್ನು ಅಧಿಕ ಉಷ್ಣತೆಯಲ್ಲಿ, ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ಕೂಡಿಸಿ ಅಮೋನಿಯಾವನ್ನು ಹನಿಹನಿಯಾಗಿ ಇಳಿಸಿ ತೋರಿದ. ಬಿಎಎಸ್ಎಫ್ ಕಂಪನಿಯ ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಪ್ರಮಾಣಕ್ಕೆ ಬೆಳೆಸಿದ. 1913ರಲ್ಲಿ ಒಪ್ಪೌ ಸ್ಥಾವರ ಕೆಲಸ ಆರಂಭಿಸಿತು. ಮರುವರ್ಷವೇ ಮಹಾಯುದ್ಧ. ಬ್ರಿಟಿಷ್ ನೌಕಾಪಡೆ ಚಿಲಿಯ ದಾರಿಯನ್ನು ಮುಚ್ಚಿದಾಗ ಜರ್ಮನಿಗೆ ಸ್ಫೋಟಕ ತಯಾರಿಸಲು ಒದಗಿದ್ದು ಇದೇ ಅಮೋನಿಯಾ. ಹೊಲಕ್ಕೆಂದು ಹುಟ್ಟಿದ ವಿದ್ಯೆ ಮದ್ದುಗುಂಡಿನ ಮನೆ ಸೇರಲು ಹೆಚ್ಚು ಕಾಲ ಬೇಕಾಗಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ತಪ್ಪನ್ನು ಯುದ್ಧದ ಮೇಲೆ ಹೊರಿಸಿಬಿಡಬಹುದಿತ್ತು. ಆದರೆ ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ಸಂಸ್ಥೆಯ ನಿರ್ದೇಶಕನಾಗಿದ್ದ ಹೇಬರ್ ತಾನಾಗಿಯೇ ಸೇನೆಯ ಬಾಗಿಲಿಗೆ ಹೋದ. ಕ್ಲೋರಿನ್ ಅನಿಲವನ್ನು ಅಸ್ತ್ರವಾಗಿ ಬಳಸುವ ಯೋಜನೆಯ ಹೊಣೆ ಹೊತ್ತ. 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಮ್ಮಿನ ಈಪರ್ ಬಳಿ, ಸುಮಾರು ಆರು ಕಿಲೋಮೀಟರ್ ಉದ್ದಕ್ಕೆ ಹೂತಿಟ್ಟಿದ್ದ ಸಾವಿರಾರು ಸಿಲಿಂಡರ್‌ಗಳಿಂದ 150 ಟನ್ನಿಗೂ ಹೆಚ್ಚು ಕ್ಲೋರಿನ್ ಹೊರಬಿತ್ತು. ಗಾಳಿಗಿಂತ ಭಾರವಾದ ಆ ಅನಿಲ ಕಂದಕಗಳೊಳಗೆ ಇಳಿದು ಫ್ರೆಂಚ್ ಮತ್ತು ಅಲ್ಜೀರಿಯನ್ ಸೈನಿಕರ ಶ್ವಾಸಕೋಶವನ್ನು ಸುಟ್ಟಿತು. ಸತ್ತವರ ಸಂಖ್ಯೆಯ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಹೇಬರ್‌ಗೆ ಸಿಕ್ಕಿದ್ದು ಕ್ಯಾಪ್ಟನ್ ಪದವಿ.

ಪತ್ನಿ ಕ್ಲಾರಾ ಇಮ್ಮರ್ವಾರ್ ಸ್ವತಃ ವಿಜ್ಞಾನಿ. ಬ್ರೆಸ್ಲೌ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಆಕೆ. ಮದುವೆಯ ನಂತರ ಪ್ರಯೋಗಾಲಯ ಆಕೆಗೆ ದೂರವಾಯಿತು. 1915ರ ಮೇ 2ರಂದು ಮನೆಯ ತೋಟದಲ್ಲಿ ಗಂಡನ ಪಿಸ್ತೂಲಿನಿಂದಲೇ ಗುಂಡು ಹಾರಿಸಿಕೊಂಡಳು. ಅದು ವಿಷಾನಿಲದ ವಿರುದ್ಧದ ಪ್ರತಿಭಟನೆಯೇ, ಬಾಡಿಹೋದ ದಾಂಪತ್ಯದ ಕೊನೆಯೇ ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಎರಡನ್ನೂ ಬೇರ್ಪಡಿಸಲು ಆಗದೇನೋ. ಹೇಬರ್ ಮಾತ್ರ ಹನ್ನೆರಡು ವರ್ಷದ ಮಗನನ್ನು ಬಿಟ್ಟು, ತಡಮಾಡದೆ ಪೂರ್ವದ ಯುದ್ಧರಂಗಕ್ಕೆ ಹೊರಟ.

ಅಮೋನಿಯಾಕ್ಕಾಗಿ 1918ರ ನೊಬೆಲ್ ಬಹುಮಾನ ಘೋಷಣೆಯಾದಾಗ ಹಲವು ವಿಜ್ಞಾನಿಗಳು ವಿರೋಧಿಸಿದರು. ಹೇಬರ್ ಪಶ್ಚಾತ್ತಾಪ ಪಡಲಿಲ್ಲ. ಅನಿಲದ ಸಾವು ಗುಂಡಿನ ಸಾವಿಗಿಂತ ಕ್ರೂರವಲ್ಲವೆಂಬ ವಾದಕ್ಕೇ ಅಂಟಿಕೊಂಡ. ಯುದ್ಧದ ದಂಡ ತೀರಿಸಲು ಸಮುದ್ರದ ನೀರಿನಿಂದ ಚಿನ್ನ ತೆಗೆಯಲು ವರ್ಷಗಟ್ಟಲೆ ಹೆಣಗಿ ಸೋತದ್ದೂ ಅದೇ ದೇಶಭಕ್ತಿಯ ಭರದಲ್ಲಿ.

1933ರಲ್ಲಿ ನಾಜಿಗಳು ಯಹೂದಿ ನೌಕರರನ್ನು ವಜಾ ಮಾಡಲು ಆದೇಶಿಸಿದರು. ಯುದ್ಧಸೇವೆಯ ಕಾರಣ ಹೇಬರ್‌ಗೆ ವಿನಾಯಿತಿ ಇತ್ತು. ಸಹೋದ್ಯೋಗಿಗಳನ್ನು ಹೊರಹಾಕಲು ಒಪ್ಪದೆ ಆತ ರಾಜೀನಾಮೆ ನೀಡಿದ. ಆತನ ಬದುಕಿನಲ್ಲಿ ಸರ್ಕಾರಕ್ಕೆ ಇಲ್ಲವೆಂದ ಸಂದರ್ಭಗಳು ವಿರಳ. ಇದು ಅವುಗಳಲ್ಲಿ ಒಂದು. ಕೇಂಬ್ರಿಡ್ಜ್‌ನಲ್ಲಿ ಕೆಲಕಾಲ ಇದ್ದು, 1934ರ ಜನವರಿ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೊನೆಯುಸಿರೆಳೆದ. ಕ್ಲಾರಾಳ ಚಿತಾಭಸ್ಮವನ್ನು ಅಲ್ಲಿಗೇ ತಂದು ಜೊತೆಯಲ್ಲಿರಿಸಲಾಯಿತು.

1920ರ ದಶಕದ ಆರಂಭದಲ್ಲಿ ಹೇಬರ್‌ನ ಒಡನಾಡಿ ವಿಜ್ಞಾನಿಗಳು ಧಾನ್ಯ ಕೆಡಿಸುವ ಕೀಟಗಳ ನಾಶಕ್ಕೆಂದು ಸಯನೈಡ್ ಆಧಾರಿತ ಜೈಕ್ಲಾನ್ ಅನಿಲವನ್ನು ರೂಪಿಸಿದ್ದರು. ಅದರ ಮುಂದಿನ ರೂಪವಾದ ಜೈಕ್ಲಾನ್ ಬಿ ಆಶ್ವಿಟ್ಜ್‌ನ ಕೊಠಡಿಗಳಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆಗೆ ಬಳಕೆಯಾಯಿತು. ನಾಜಿಗಳ ಶಿಬಿರಗಳಲ್ಲಿ ಮಡಿದವರಲ್ಲಿ ಹೇಬರ್‌ನ ಬಂಧುಗಳೂ ಇದ್ದರು. ಮಗ ಹರ್ಮನ್ 1946ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಬರ್ಲಿನ್ನಿನ ಆ ಸಂಸ್ಥೆಗೆ 1953ರಲ್ಲಿ ಫ್ರಿಟ್ಜ್ ಹೇಬರ್‌ನ ಹೆಸರನ್ನಿಡಲಾಯಿತು.