ಧರ್ಮಭಗಿನಿ ಕಲಿಸಿದ ತಾಳ

ಜಾಝ್ ಸಂಗೀತದ ಚರಿತ್ರೆಯಲ್ಲಿ ಲಯೊನೆಲ್ ಹ್ಯಾಂಪ್ಟನ್ನರ ಹೆಸರು ಅಚ್ಚಳಿಯದೆ ಉಳಿದಿದೆ. 1908ರ ಏಪ್ರಿಲ್ 20ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಜನಿಸಿದ ಅವರು ಕಪ್ಪು ಜನಾಂಗದವರು, ಕಥೋಲಿಕರಾಗಿ ಬೆಳೆದವರು. ಹೋಲಿ ರೋಸರಿ ಅಕಾಡೆಮಿಯಲ್ಲಿ ಬಾಲಕನಿಗೆ ಡ್ರಮ್ ಬಾರಿಸಲು ಕಲಿಸಿದವರು ಓರ್ವ ಧರ್ಮಭಗಿನಿ.

1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗರೊಡನೆ ಧ್ವನಿಮುದ್ರಣಕ್ಕೆ ಹೋದಾಗ ಸ್ಟುಡಿಯೋದಲ್ಲಿದ್ದ ವೈಬ್ರಫೋನನ್ನು ಹ್ಯಾಂಪ್ಟನ್ನರು ನುಡಿಸಿದರು. ಲೋಹದ ಪಟ್ಟಿಗಳನ್ನು ಕೋಲುಗಳಿಂದ ತಟ್ಟಿ ಕಂಪಿಸುವ ನಾದ ಹೊರಡಿಸುವ ಆ ವಾದ್ಯಕ್ಕೆ ಜಾಝ್‌ನಲ್ಲಿ ಸ್ಥಾನ ದೊರಕಿಸಿದ ಕೀರ್ತಿ ಮುಖ್ಯವಾಗಿ ಅವರದು. ಪಿಯಾನೋವನ್ನೂ ಅವರು ಕೋಲುಗಳಂತೆ ಚಾಚಿದ ಎರಡು ಬೆರಳುಗಳಿಂದ ನುಡಿಸಬಲ್ಲವರಾಗಿದ್ದರು.

1936ರಲ್ಲಿ ಬೆನ್ನಿ ಗುಡ್‌ಮನ್ನರು ಅವರನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಗುಡ್‌ಮನ್ ಮತ್ತು ಜೀನ್ ಕ್ರೂಪ ಬಿಳಿಯರು. ಟೆಡ್ಡಿ ವಿಲ್ಸನ್ ಮತ್ತು ಹ್ಯಾಂಪ್ಟನ್ ಕಪ್ಪು ವರ್ಣದವರು. ವರ್ಣಭೇದವು ಬಲವಾಗಿದ್ದ ಆ ಕಾಲದಲ್ಲಿ ಈ ನಾಲ್ವರು ಒಂದೇ ವೇದಿಕೆಯನ್ನೇರಿದುದು ದಿಟ್ಟ ಹೆಜ್ಜೆಯೇ ಸರಿ. 1938ರ ಜನವರಿ 16ರಂದು ನ್ಯೂಯಾರ್ಕಿನ ಪ್ರತಿಷ್ಠಿತ ಕಾರ್ನೆಗಿ ಹಾಲ್‌ನಲ್ಲೂ ಅವರು ಜತೆಯಾಗಿ ನುಡಿಸಿದರು.

1940ರಲ್ಲಿ ಹ್ಯಾಂಪ್ಟನ್ನರು ಸ್ವಂತ ವಾದ್ಯವೃಂದವನ್ನು ಕಟ್ಟಿದರು. ಅದರ ವ್ಯವಹಾರದ ಭಾರವನ್ನು ಹೊತ್ತವರು ಪತ್ನಿ ಗ್ಲಾಡಿಸ್. 2002ರ ಆಗಸ್ಟ್ 31ರಂದು, 94ರ ಹರೆಯದಲ್ಲಿ ಅವರು ನ್ಯೂಯಾರ್ಕಿನಲ್ಲಿ ನಿಧನರಾದರು.

ಮಗುವಿನ ಕೈಗೆ ನಾವಿಂದು ಕೊಡುವ ವಿದ್ಯೆ ನಾಳೆ ಯಾವ ಗೋಡೆಯನ್ನು ಕೆಡವೀತೆಂದು ನಾವು ಅರಿಯೆವು. ಆ ಭಗಿನಿಯೂ ಅರಿತಿರಲಾರರು. ಆದರೂ ಕಲಿಸಿದರು.