ಮೂಸಿ ನದಿ ಮತ್ತು ವಿಶ್ವೇಶ್ವರಯ್ಯನವರು


ಸರ್ ಎಂ. ವಿಶ್ವೇಶ್ವರಯ್ಯನವರು ಅಂದ್ರೆ ಕನ್ನಂಬಾಡಿ ಕಟ್ಟೆ ಅಂತ ನಮಗೆಲ್ಲ ಗೊತ್ತು. ನಾನು ಬರೆಯುತ್ತಿರುವುದು ಹೈದರಾಬಾದಿನ ಕಥೆ. 1908ರ ಸೆಪ್ಟೆಂಬರ್ 28ರಂದು ಅಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮೇಲ್ಗಡೆ ಎಷ್ಟೋ ಕೆರೆಗಳ ಏರಿ ಒಡೆದು ಆ ನೀರೂ ನದಿಗೇ ನುಗ್ಗಿತ್ತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಇವರು 1909ರಲ್ಲಿ ನಿಜಾಮರ ಸರ್ಕಾರದ ಕರೆಯಂತೆ ಅಲ್ಲಿಗೆ ಹೋದರು. ಪ್ರವಾಹವನ್ನು ಊರಿಗಿಂತ ಮೇಲೆಯೇ ಜಲಾಶಯದಲ್ಲಿ ತಡೆದು, ನಿಧಾನವಾಗಿ ಬಿಡಬೇಕು ಎಂದು ಲೆಕ್ಕ ಹಾಕಿ ತೋರಿಸಿದರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. 1962ರಲ್ಲಿ ಅವರು ತೀರಿಕೊಂಡರು.
ಇದನ್ನು ಓದಿದ ಮೇಲೆ ನನಗೆ ನಮ್ಮೂರ ಕೆರೆ ನೆನಪಾಯಿತು. ಹೆಚ್ಚಾದ ನೀರು ಕೋಡಿಯಲ್ಲಿ ಹೋಗದಿದ್ದರೆ ಏರಿಯೇ ಒಡೆಯುತ್ತದೆ. ಕೋಡಿಗೆ ಕಸ ತುಂಬಬೇಡ್ರಪ್ಪಾ!