ಅಮರ್ ಬೋಸ್

ಅಮರ್ ಗೋಪಾಲ್ ಬೋಸ್ (2 ನವೆಂಬರ್ 1929 – 12 ಜುಲೈ 2013) ಭಾರತೀಯ ಮೂಲದ ಅಮೆರಿಕನ್ ವಿದ್ಯುತ್ ಎಂಜಿನಿಯರ್, ಧ್ವನಿವಿಜ್ಞಾನಿ, ಅಧ್ಯಾಪಕ ಮತ್ತು ಉದ್ಯಮಿ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಸುಮಾರು 45 ವರ್ಷ ಪಾಠ ಹೇಳಿದ ಇವರು 1964ರಲ್ಲಿ ಬೋಸ್ ಕಾರ್ಪೊರೇಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಜನಸಾಮಾನ್ಯರಿಗೆ ಅವರ ಹೆಸರು ಧ್ವನಿವರ್ಧಕಗಳ ಮೂಲಕ ಪರಿಚಿತ. ವಿಮಾನ ಚಾಲಕರಿಗೆ ಮಾತ್ರ ಅದು ಗದ್ದಲ ನಿವಾರಕ ಹೆಡ್‌ಸೆಟ್‌ನ ಹೆಸರು. 1978ರಲ್ಲಿ ವಿಮಾನಯಾನವೊಂದರಲ್ಲಿ ಹೊಳೆದ ಆಲೋಚನೆ ಮಾರಾಟದ ವಸ್ತುವಾಗಿ ಹೊರಬಂದದ್ದು 1989ರಲ್ಲಿ. ನಡುವಿನ ಹನ್ನೊಂದು ವರ್ಷಗಳ ತಾಳ್ಮೆಯೇ ಅವರ ಜೀವನವನ್ನು ಅರ್ಥಮಾಡಿಕೊಳ್ಳಲು ಸರಿಯಾದ ದಾರಿ.

ಬೋಸಾನ್ ಕಣಗಳಿಗೆ ಹೆಸರು ಕೊಟ್ಟ ಸತ್ಯೇಂದ್ರನಾಥ ಬೋಸ್, ಸಸ್ಯಗಳ ಸಂವೇದನೆಯನ್ನು ಅಳೆದ ಜಗದೀಶಚಂದ್ರ ಬೋಸ್ ಮತ್ತು ಈ ಲೇಖನದ ಅಮರ್ ಬೋಸ್ ಬೇರೆ ಬೇರೆ ವ್ಯಕ್ತಿಗಳು. ವಿದ್ಯಾರ್ಥಿಗಳು ಇವರನ್ನು ಒಬ್ಬರೆಂದು ಗ್ರಹಿಸುವುದುಂಟು.

ಬಾಲ್ಯ ಮತ್ತು ಕುಟುಂಬ

ಅಮರ್ ಬೋಸ್ ಜನಿಸಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ. ತಂದೆ ನೋನಿ ಗೋಪಾಲ್ ಬೋಸ್ ಬಂಗಾಳದವರು; ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಕಾಲದಲ್ಲಿಯೇ ಬ್ರಿಟಿಷ್ ಆಡಳಿತದ ವಿರುದ್ಧದ ಚಟುವಟಿಕೆಗಳಲ್ಲಿ ತೊಡಗಿ ಸೆರೆವಾಸ ಅನುಭವಿಸಿದ್ದರು. ಮತ್ತೆ ಬಂಧನಕ್ಕೆ ಒಳಗಾಗುವುದನ್ನು ತಪ್ಪಿಸಿಕೊಂಡು 1920ರಲ್ಲಿ ಅಮೆರಿಕಕ್ಕೆ ಬಂದರು. ತಾಯಿ ಶಾರ್ಲಟ್ ಫ್ರೆಂಚ್ ಮತ್ತು ಜರ್ಮನ್ ಮೂಲದ ಅಮೆರಿಕನ್ ಶಾಲಾ ಶಿಕ್ಷಕಿ. ವೇದಾಂತದಲ್ಲಿ ಆಳವಾದ ಆಸಕ್ತಿ ಉಳ್ಳವರಾಗಿದ್ದರು. ಮೈಬಣ್ಣದ ಕಾರಣದಿಂದ ಹೋಟೆಲುಗಳಲ್ಲಿ ಈ ಕುಟುಂಬಕ್ಕೆ ಊಟ ಬಡಿಸಲು ನಿರಾಕರಿಸುತ್ತಿದ್ದ ಕಾಲವದು.

ತಂದೆ ಭಾರತದಿಂದ ಸರಕು ತರಿಸಿ ಮಾರುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಹಡಗು ಸಂಚಾರ ಏರುಪೇರಾದಾಗ ಆ ವ್ಯಾಪಾರ ಕುಸಿಯಿತು. ಹದಿಮೂರು ವರ್ಷದ ಅಮರ್ ಆಗಲೇ ಆಟಿಕೆ ರೈಲುಗಳನ್ನೂ ರೇಡಿಯೊಗಳನ್ನೂ ಬಿಚ್ಚಿ ಜೋಡಿಸುವುದರಲ್ಲಿ ನಿಪುಣನಾಗಿದ್ದ. ಸಹಪಾಠಿಗಳನ್ನು ಸೇರಿಸಿಕೊಂಡು ಮನೆಯಲ್ಲಿಯೇ ರೇಡಿಯೊ ದುರಸ್ತಿ ಆರಂಭಿಸಿದ. ಬಲ್ಲ ರಿಪೇರಿಗಾರರು ಯುದ್ಧಕ್ಕೆ ಹೋಗಿದ್ದರಿಂದ ಕೆಲಸಕ್ಕೆ ಕೊರತೆ ಇರಲಿಲ್ಲ. ಹುಡುಗನ ಈ ಸಂಪಾದನೆ ಸಂಸಾರಕ್ಕೆ ಆಸರೆಯಾಯಿತು. ಕಿವಿಗೆ ಕೇಳುವುದಕ್ಕೂ ತಂತಿಯಲ್ಲಿ ಹರಿಯುವುದಕ್ಕೂ ಇರುವ ಸಂಬಂಧವನ್ನು ಅವರು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ಕೆಟ್ಟ ರೇಡಿಯೊಗಳಿಂದ. ಬಾಲ್ಯದಲ್ಲಿ ಕೆಲವು ವರ್ಷ ಪಿಟೀಲು ಅಭ್ಯಾಸವನ್ನೂ ಮಾಡಿದ್ದರು.

ವಿದ್ಯಾಭ್ಯಾಸ ಮತ್ತು ಅಧ್ಯಾಪನ

ಅಬಿಂಗ್ಟನ್ ಪ್ರೌಢಶಾಲೆಯ ನಂತರ ಬೋಸ್ ಎಂಐಟಿ ಸೇರಿ 1950ರ ದಶಕದ ಆರಂಭದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿರುವ ಫಿಲಿಪ್ಸ್ ಸಂಶೋಧನಾಲಯದಲ್ಲಿ ಒಂದು ವರ್ಷ, ಫುಲ್‌ಬ್ರೈಟ್ ವಿದ್ವಾಂಸರಾಗಿ ಹೊಸದಿಲ್ಲಿಯಲ್ಲಿ ಒಂದು ವರ್ಷ ಕೆಲಸ ಮಾಡಿದರು. ಮುಂದೆ ಅವರ ಪತ್ನಿಯಾದ ಪ್ರೇಮಾ ಅವರ ಪರಿಚಯವಾದದ್ದು ದಿಲ್ಲಿಯಲ್ಲಿ. 1956ರಲ್ಲಿ ಅರೇಖೀಯ ವ್ಯವಸ್ಥೆಗಳನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ದೊರೆಯಿತು. ಸೈಬರ್ನೆಟಿಕ್ಸ್ ಶಾಸ್ತ್ರದ ಜನಕ ನಾರ್ಬರ್ಟ್ ವೀನರ್ ಮತ್ತು ಪ್ರಾಧ್ಯಾಪಕ ಯುಕ್-ವಿಂಗ್ ಲೀ ಅವರ ಮಾರ್ಗದರ್ಶಕರು.

ಅಂದಿನಿಂದ 2001ರಲ್ಲಿ ನಿವೃತ್ತರಾಗುವವರೆಗೂ ಅವರು ಎಂಐಟಿಯಲ್ಲಿ ಪಾಠ ಹೇಳಿದರು. ಕೆನ್ನೆತ್ ಸ್ಟೀವನ್ಸ್ ಅವರೊಡನೆ ಬರೆದ ವಿದ್ಯುತ್ ಜಾಲಗಳ ಪಠ್ಯಪುಸ್ತಕ 1965ರಲ್ಲಿ ಪ್ರಕಟವಾಯಿತು. ಕಂಪನಿ ಬೆಳೆದು ಜಗತ್ಪ್ರಸಿದ್ಧವಾದ ಮೇಲೂ ತರಗತಿಯನ್ನು ಬಿಡದಿದ್ದುದು ಗಮನಾರ್ಹ. ಉದ್ಯಮಿಯಾದ ಪ್ರಾಧ್ಯಾಪಕರು ಸಾಮಾನ್ಯವಾಗಿ ಮೊದಲು ತೊರೆಯುವುದು ತರಗತಿಯನ್ನೇ.

ಧ್ವನಿವರ್ಧಕಗಳು ಮತ್ತು ಕಂಪನಿಯ ಸ್ಥಾಪನೆ

ಡಾಕ್ಟರೇಟ್ ಮುಗಿದ ಸಂದರ್ಭದಲ್ಲಿ ಬೋಸ್ ಒಂದು ಸ್ಟೀರಿಯೊ ಕೊಂಡರು. ಮಾಹಿತಿ ಪತ್ರದಲ್ಲಿದ್ದ ಅಂಕಿಅಂಶಗಳು ಉತ್ತಮವಾಗಿದ್ದರೂ ಕೇಳಿದ ಸಂಗೀತ ಸಭಾಂಗಣದ ಸಂಗೀತದಂತಿರಲಿಲ್ಲ. ಅಳತೆಗೂ ಅನುಭವಕ್ಕೂ ಏಕೆ ಈ ಅಂತರ ಎಂಬ ಪ್ರಶ್ನೆ ಅವರನ್ನು ಧ್ವನಿವಿಜ್ಞಾನಕ್ಕೆ ಎಳೆಯಿತು. ಸಭಾಂಗಣದಲ್ಲಿ ಕುಳಿತವರನ್ನು ತಲುಪುವ ಧ್ವನಿಯಲ್ಲಿ ಬಹುಪಾಲು ವೇದಿಕೆಯಿಂದ ನೇರವಾಗಿ ಬರುವುದಿಲ್ಲ, ಗೋಡೆ ಮತ್ತು ಛಾವಣಿಗಳಿಂದ ಪ್ರತಿಫಲಿಸಿ ಬರುತ್ತದೆ ಎಂಬುದನ್ನು ಅವರು ಆಧಾರವಾಗಿಟ್ಟುಕೊಂಡರು. ಹಳೆಯ ದೇವಾಲಯದ ನವರಂಗದಲ್ಲಿ ಒಬ್ಬರು ಹಾಡಿದರೂ ಸುತ್ತಲಿಂದ ಕೇಳಿದಂತಾಗುವುದು ಇದೇ ಕಾರಣದಿಂದ.

ಗುರು ಲೀ ಅವರ ಒತ್ತಾಸೆಯಿಂದ 1964ರಲ್ಲಿ ಕಂಪನಿ ಆರಂಭವಾಯಿತು. 1966ರ 2201 ಎಂಬ ಮೊದಲ ಧ್ವನಿವರ್ಧಕ ಮಾರುಕಟ್ಟೆಯಲ್ಲಿ ಸೋತಿತು. 1968ರಲ್ಲಿ ಬಂದ 901 ಗೆದ್ದಿತು. ಅದರ ಒಂಬತ್ತು ಚಾಲಕ ಘಟಕಗಳಲ್ಲಿ ಎಂಟು ಹಿಂದಿನ ಗೋಡೆಯ ಕಡೆಗೂ ಒಂದು ಮಾತ್ರ ಕೇಳುಗನ ಕಡೆಗೂ ಮುಖ ಮಾಡಿದ್ದವು. ಇದನ್ನು ಎಲ್ಲರೂ ಮೆಚ್ಚಲಿಲ್ಲ. ಅಮೆರಿಕದ ಗ್ರಾಹಕ ಪತ್ರಿಕೆಯೊಂದು 1970ರಲ್ಲಿ ಬರೆದ ಪ್ರತಿಕೂಲ ವಿಮರ್ಶೆಯ ವಿರುದ್ಧ ಕಂಪನಿ ಮೊಕದ್ದಮೆ ಹೂಡಿ, ಕೊನೆಗೆ 1984ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಿತು. ಪತ್ರಿಕಾ ಸ್ವಾತಂತ್ರ್ಯದ ಇತಿಹಾಸದಲ್ಲಿ ಈ ತೀರ್ಪು ಮುಖ್ಯವಾದದ್ದು. ವಿಮರ್ಶೆಯನ್ನು ನ್ಯಾಯಾಲಯಕ್ಕೆ ಎಳೆದದ್ದು ಬೋಸ್ ಅವರ ವಿವೇಕಯುತ ನಿರ್ಧಾರಗಳಲ್ಲಿ ಸೇರುವುದಿಲ್ಲ.

ಕಂಪನಿಯ ಷೇರುಗಳನ್ನು ಸಾರ್ವಜನಿಕರಿಗೆ ಮಾರಲು ಬೋಸ್ ಎಂದೂ ಒಪ್ಪಲಿಲ್ಲ. ಮೂರು ತಿಂಗಳಿಗೊಮ್ಮೆ ಲಾಭ ಕೇಳುವ ಷೇರುದಾರರಿದ್ದರೆ ಫಲ ಕಾಣಲು ದಶಕ ಬೇಕಾದ ಸಂಶೋಧನೆ ನಡೆಯದೆಂಬುದು ಅವರ ನಿಲುವು. ಬಂದ ಲಾಭವನ್ನು ಮತ್ತೆ ಸಂಶೋಧನೆಗೇ ಹಾಕುತ್ತಿದ್ದರು. ಪೈಲಟ್‌ಗಳ ಹೆಡ್‌ಸೆಟ್ ಸಾಧ್ಯವಾದದ್ದು ಈ ಹಣಕಾಸಿನ ಸ್ವಾತಂತ್ರ್ಯದಿಂದ.

ಗದ್ದಲ ನಿವಾರಕ ಹೆಡ್‌ಸೆಟ್

1978ರಲ್ಲಿ ಬೋಸ್ ಜ್ಯೂರಿಚ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಮರಳುತ್ತಿದ್ದರು. ಪ್ರಯಾಣಿಕರಿಗೆ ಕೊಟ್ಟಿದ್ದ ಹೆಡ್‌ಫೋನನ್ನು ಹಾಕಿಕೊಂಡಾಗ ಎಂಜಿನ್ ಗದ್ದಲದಲ್ಲಿ ಸಂಗೀತ ಮುಳುಗಿಹೋಯಿತು. ವಿಮಾನ ಇಳಿಯುವಷ್ಟರಲ್ಲಿ ಗದ್ದಲವನ್ನು ಗದ್ದಲದಿಂದಲೇ ಅಳಿಸುವ ಸಾಧನದ ಪ್ರಾಥಮಿಕ ಲೆಕ್ಕಗಳನ್ನು ಅವರು ಕಾಗದದ ಮೇಲೆ ಮಾಡಿ ಮುಗಿಸಿದ್ದರು.

ತತ್ತ್ವ ಹೊಸದಾಗಿರಲಿಲ್ಲ. ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲಿಯೇ ಇದಕ್ಕೆ ಅಮೆರಿಕದ ಪೇಟೆಂಟ್ ಪಡೆದಿದ್ದರು. 1950ರ ದಶಕದಲ್ಲಿ ಲಾರೆನ್ಸ್ ಫೋಗೆಲ್ ವಿಮಾನದ ಕಾಕ್‌ಪಿಟ್‌ಗೆ ಇದನ್ನು ಅನ್ವಯಿಸುವ ಪೇಟೆಂಟ್‌ಗಳನ್ನು ಪಡೆದಿದ್ದರು. ಕೆರೆಯ ನೀರಿನಲ್ಲಿ ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಸೇರಿದರೆ ನೀರು ಸಮವಾಗುತ್ತದೆ. ಧ್ವನಿಯೂ ಅಲೆಯೇ ಆದ್ದರಿಂದ ಗದ್ದಲಕ್ಕೆ ವಿರುದ್ಧ ಆಕಾರದ ಅಲೆಯನ್ನು ಕಿವಿಯ ಬಳಿ ಉತ್ಪಾದಿಸಿದರೆ ಎರಡೂ ಒಂದನ್ನೊಂದು ಅಳಿಸುತ್ತವೆ. ಬೋಸ್ ವಿನ್ಯಾಸದಲ್ಲಿ ಕಿವಿಬಟ್ಟಲಿನ ಒಳಗಿರುವ ಪುಟ್ಟ ಮೈಕ್ರೊಫೋನ್ ಕಿವಿಗೆ ತಲುಪುತ್ತಿರುವ ಸದ್ದನ್ನು ಗ್ರಹಿಸುತ್ತದೆ. ಮಂಡಲವು ಅದರಿಂದ ರೇಡಿಯೊ ಮಾತಿನ ಭಾಗವನ್ನು ಕಳೆದು, ಉಳಿದ ಗದ್ದಲಕ್ಕೆ ಮಾತ್ರ ಪ್ರತಿ-ಅಲೆ ಸೃಷ್ಟಿಸುತ್ತದೆ. ಹೀಗಾಗಿ ಎಂಜಿನ್ ಸದ್ದು ತಗ್ಗಿದರೂ ವಿಮಾನ ಸಂಚಾರ ನಿಯಂತ್ರಕರ ಮಾತು ತಗ್ಗುವುದಿಲ್ಲ. ಹೇಳಲು ಸರಳ, ಆದರೆ ಇಂತಹ ಹಿಮ್ಮಾಹಿತಿ ಮಂಡಲ ಸ್ವಲ್ಪ ತಪ್ಪಿದರೂ ತಾನೇ ಕಿರುಚತೊಡಗುತ್ತದೆ. ತಲೆ ಅಲುಗಿದಾಗಲೂ ಬಟ್ಟಲು ಸರಿದಾಗಲೂ ಅದನ್ನು ಸ್ಥಿರವಾಗಿ ಇಡಲು ವರ್ಷಗಳ ಕೆಲಸ ಬೇಕಾಯಿತು.

1986ರ ಡಿಸೆಂಬರ್‌ನಲ್ಲಿ ಡಿಕ್ ರುಟನ್ ಮತ್ತು ಜೀನಾ ಯೇಗರ್ ವಾಯೇಜರ್ ವಿಮಾನದಲ್ಲಿ ಎಲ್ಲಿಯೂ ಇಳಿಯದೆ, ನಡುವೆ ಇಂಧನ ತುಂಬಿಸದೆ ಭೂಮಿಯನ್ನು ಸುತ್ತಿದರು. ಒಂಬತ್ತು ದಿನಗಳ ಎಡೆಬಿಡದ ಎಂಜಿನ್ ಸದ್ದು ಅವರ ಶ್ರವಣಶಕ್ತಿಗೆ ಶಾಶ್ವತ ಹಾನಿ ಮಾಡಬಹುದೆಂಬ ಆತಂಕವಿತ್ತು. ಅವರು ಧರಿಸಿದ್ದದ್ದು ಬೋಸ್ ಕಂಪನಿಯ ಮಾದರಿ ಹೆಡ್‌ಸೆಟ್‌ಗಳನ್ನು. 1989ರಲ್ಲಿ ಕಂಪನಿ ತನ್ನ ಮೊದಲ ವಿಮಾನಯಾನ ಹೆಡ್‌ಸೆಟ್ ಅನ್ನು ಮಾರಾಟಕ್ಕೆ ತಂದಿತು. ಇದೇ ಅವಧಿಯಲ್ಲಿ ಜರ್ಮನಿಯ ಸೆನ್‌ಹೈಸರ್ ಕೂಡ ಲುಫ್ತಾನ್ಸಾ ಪೈಲಟ್‌ಗಳಿಗಾಗಿ ಇಂತಹುದೇ ಸಾಧನವನ್ನು ರೂಪಿಸುತ್ತಿತ್ತು. ಬೋಸ್ ಕಂಪನಿಯಿಂದ ಮುಂದೆ 1998ರಲ್ಲಿ ಎಕ್ಸ್, 2010ರಲ್ಲಿ ಎ20 ಮಾದರಿಗಳು ಬಂದವು. ಸಾಮಾನ್ಯ ಪ್ರಯಾಣಿಕರಿಗಾಗಿ ಕ್ವಯಟ್‌ಕಂಫರ್ಟ್ ಬಂದದ್ದು 2000ದಲ್ಲಿ. ಅಂದರೆ ಇಂದು ಎಲ್ಲರ ಕಿವಿಯಲ್ಲಿರುವ ಈ ತಂತ್ರ ಮೊದಲು ಪೈಲಟ್‌ಗಳದಾಗಿತ್ತು.

ಪೈಲಟ್‌ಗಳ ಆಯ್ಕೆಯಲ್ಲಿ ಬಂದ ಬದಲಾವಣೆ

ಅದಕ್ಕೆ ಮೊದಲು ಪೈಲಟ್‌ಗಳಿಗಿದ್ದ ಉಪಾಯವೆಂದರೆ ದಪ್ಪ ಬಟ್ಟಲುಗಳಿಂದ ಕಿವಿಯನ್ನು ಬಿಗಿಯಾಗಿ ಮುಚ್ಚುವುದು. ಮ್ಯಾಸಚೂಸೆಟ್ಸ್‌ನದೇ ಆದ ಡೇವಿಡ್ ಕ್ಲಾರ್ಕ್ ಕಂಪನಿಯ ಹಸಿರು ಬಣ್ಣದ ಹೆಡ್‌ಸೆಟ್‌ಗಳು ಇದಕ್ಕೆ ಪ್ರಸಿದ್ಧ, ಇಂದಿಗೂ ಬಳಕೆಯಲ್ಲಿವೆ. ಇವು ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತವೆ, ಗುಡುಗಿನಂತಹ ತಗ್ಗು ಸದ್ದನ್ನು ಅಷ್ಟಾಗಿ ತಡೆಯಲಾರವು. ಸಣ್ಣ ವಿಮಾನದಲ್ಲಿ ತೊಂದರೆ ಕೊಡುವುದು ತಗ್ಗು ಸದ್ದೇ. ಎರಡು ಅಲಗಿನ ಪ್ರೊಪೆಲರ್ ನಿಮಿಷಕ್ಕೆ 2400 ಸುತ್ತು ತಿರುಗಿದರೆ ಸೆಕೆಂಡಿಗೆ 80 ಸಲ ಗಾಳಿಯನ್ನು ಬಡಿಯುತ್ತದೆ. ಇದು 80 ಹರ್ಟ್ಸ್‌ನ ಸದ್ದು. ವಿದ್ಯುನ್ಮಾನ ನಿವಾರಣೆ ಕೆಲಸ ಮಾಡುವುದು ಸರಿಯಾಗಿ ಈ ವ್ಯಾಪ್ತಿಯಲ್ಲಿ. 100 ಹರ್ಟ್ಸ್ ಧ್ವನಿಯ ಅಲೆಯುದ್ದ ಸುಮಾರು 3.4 ಮೀಟರ್ ಇರುವುದರಿಂದ ಬಟ್ಟಲಿನೊಳಗೆ ಅದಕ್ಕೆ ಪ್ರತಿ-ಅಲೆ ಹೊಂದಿಸುವುದು ಸುಲಭ. 4000 ಹರ್ಟ್ಸ್‌ನಲ್ಲಿ ಅಲೆಯುದ್ದ 8.5 ಸೆಂಟಿಮೀಟರ್‌ಗೆ ಇಳಿಯುತ್ತದೆ. ಅಲ್ಲಿ ಬಟ್ಟಲಿನ ಮೆತ್ತೆಯೇ ಕೆಲಸ ಮಾಡಬೇಕು. ಆದ್ದರಿಂದ ಒಳ್ಳೆಯ ಹೆಡ್‌ಸೆಟ್‌ನಲ್ಲಿ ಎರಡೂ ಉಪಾಯಗಳು ಕೂಡಿರುತ್ತವೆ, ಮತ್ತು ಡೆಸಿಬೆಲ್ ಅಂಕಿಯೊಂದನ್ನೇ ನೋಡಿ ಕೊಳ್ಳುವುದು ಸರಿಯಲ್ಲ. ಆ ಅಂಕಿ ಯಾವ ಆವೃತ್ತಿಗೆ ಅನ್ವಯಿಸುತ್ತದೆ ಎಂಬುದನ್ನು ನೋಡಬೇಕು.

ಇದು ಬರೀ ಸುಖದ ವಿಷಯವಲ್ಲ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಎಂಬುದು ಶ್ರವಣ ರಕ್ಷಣೆಯಲ್ಲಿ ಸಾಮಾನ್ಯವಾಗಿ ಬಳಸುವ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧವಾಗುತ್ತದೆ. 94 ಡೆಸಿಬೆಲ್‌ನಲ್ಲಿ ಉಳಿಯುವುದು ಒಂದೇ ಗಂಟೆ. ಒಂದೇ ಎಂಜಿನ್‌ನ ತರಬೇತಿ ವಿಮಾನಗಳ ಒಳಗೆ ಇಷ್ಟು ಸದ್ದು ಅಪರೂಪವಲ್ಲ. ಗದ್ದಲದಿಂದ ಆಗುವ ಕಿವುಡು ಮೊದಲು 4000 ಹರ್ಟ್ಸ್ ಸುತ್ತಮುತ್ತ ಕಾಣಿಸಿಕೊಳ್ಳುತ್ತದೆ, ನೋವಿಲ್ಲದೆ ಬರುತ್ತದೆ, ಬಂದ ಮೇಲೆ ಹಿಂದಿರುಗುವುದಿಲ್ಲ. ಭಾರತದಲ್ಲಿ ವೃತ್ತಿಪರ ಪೈಲಟ್‌ಗಳ ವೈದ್ಯಕೀಯ ತಪಾಸಣೆಯಲ್ಲಿ ಶ್ರವಣ ಪರೀಕ್ಷೆ ಕಡ್ಡಾಯ. ಕಿವಿ ಹೋದರೆ ಜೀವನೋಪಾಯವೂ ಹೋದಂತೆ. ವಾಯುಪಡೆಯ ವೈಮಾನಿಕ ವೈದ್ಯಶಾಸ್ತ್ರಕ್ಕೆ ಮೀಸಲಾದ ಸಂಸ್ಥೆ 1957ರಿಂದ ಬೆಂಗಳೂರಿನಲ್ಲಿದೆ.

ಜಕ್ಕೂರಿನಂತಹ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿಯುವ ವಿದ್ಯಾರ್ಥಿಗೆ ಆಯ್ಕೆ ಸುಲಭವಲ್ಲ, ಏಕೆಂದರೆ ವಿದ್ಯುನ್ಮಾನ ಹೆಡ್‌ಸೆಟ್‌ನ ಬೆಲೆ ಸಾದಾ ಹೆಡ್‌ಸೆಟ್‌ಗಿಂತ ಹಲವು ಪಟ್ಟು ಹೆಚ್ಚು. ಗಂಟೆಗಟ್ಟಲೆ ಧರಿಸಬೇಕಾದ ಕಾರಣ ತೂಕ ಮತ್ತು ಬಿಗಿತವನ್ನು ಮೊದಲು ಪರೀಕ್ಷಿಸಬೇಕು. ಎ20 ಮಾದರಿಯ ತೂಕ 340 ಗ್ರಾಂ. ಕನ್ನಡಕ ಹಾಕುವವರಲ್ಲಿ ಅದರ ಕಾಲುಗಳು ಮೆತ್ತೆಯ ನಡುವೆ ಸಂದು ಮಾಡಿ ಸದ್ದನ್ನು ಒಳಬಿಡುತ್ತವೆ. ಕನ್ನಡಕ ಹಾಕಿಕೊಂಡೇ ಪರೀಕ್ಷಿಸುವುದು ಒಳ್ಳೆಯದು. ಪ್ಲಗ್ ಹೊಂದಿಕೆಯಾಗದಿದ್ದರೆ ಉಳಿದೆಲ್ಲವೂ ವ್ಯರ್ಥ: ಸಣ್ಣ ವಿಮಾನಗಳಲ್ಲಿ ಕೇಳಲು ಒಂದು, ಮಾತಿಗೆ ಒಂದು ಎಂದು ಎರಡು ಪ್ಲಗ್‌ಗಳಿರುತ್ತವೆ, ಹೆಲಿಕಾಪ್ಟರ್‌ಗಳಲ್ಲಿ ಒಂದೇ, ಏರ್‌ಬಸ್ ವಿಮಾನಗಳಲ್ಲಿ ಐದು ಪಿನ್ನಿನ ಬೇರೆಯದೇ ಜೋಡಣೆ. ಬ್ಯಾಟರಿ ಮುಗಿದಾಗ ಗದ್ದಲ ನಿವಾರಣೆ ನಿಂತರೂ ರೇಡಿಯೊ ಕೇಳಿಸುತ್ತಿರಬೇಕು, ಬಟ್ಟಲು ತಾನಾಗಿಯೇ ಸಾಕಷ್ಟು ಸದ್ದು ತಡೆಯಬೇಕು. ವಿಮಾನಯಾನದ ಧ್ವನಿ ಉಪಕರಣಗಳಿಗೆ ಅಮೆರಿಕದ ನಿಯಂತ್ರಕರು ವಿಧಿಸಿರುವ ಮಾನದಂಡ ಟಿಎಸ್‌ಒ-ಸಿ139. ಸಂಗೀತಕ್ಕೆಂದು ಮಾರುವ ಹೆಡ್‌ಫೋನ್ ಎಷ್ಟು ಉತ್ತಮವಾಗಿದ್ದರೂ ಈ ಸ್ಥಾನಕ್ಕೆ ಅಲ್ಲ. ಎಂಜಿನ್‌ನ ಅಸಹಜ ಸದ್ದು ಮೊದಲಿನಂತೆ ಕಿವಿಗೆ ಬೀಳದೆಂಬ ಆಕ್ಷೇಪವೂ ಇದೆ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ; ಹೊಸ ಹೆಡ್‌ಸೆಟ್‌ನಲ್ಲಿ ತನ್ನ ವಿಮಾನ ಹೇಗೆ ಕೇಳಿಸುತ್ತದೆ ಎಂಬುದನ್ನು ಪೈಲಟ್ ಮತ್ತೆ ಕಲಿಯಬೇಕಾಗುತ್ತದೆ.

ಇತರ ಸಂಶೋಧನೆಗಳು

ಕಾರುಗಳಿಗೆಂದೇ ರೂಪಿಸಿದ ಧ್ವನಿ ವ್ಯವಸ್ಥೆ ಮತ್ತು 1984ರ ವೇವ್ ರೇಡಿಯೊ ಕಂಪನಿಗೆ ಹಣ ತಂದವು. ವಿದ್ಯುತ್ಕಾಂತೀಯ ಮೋಟಾರುಗಳಿಂದ ಕಾರಿನ ಕುಲುಕಾಟ ತಡೆಯುವ ಯೋಜನೆ 1980ರಲ್ಲಿ ಆರಂಭವಾಗಿ 2004ರವರೆಗೂ ಗುಟ್ಟಾಗಿ ನಡೆಯಿತು. ಬೆಲೆ ಮತ್ತು ತೂಕದ ಕಾರಣ ಅದು ಕಾರುಗಳಿಗೆ ಬರಲಿಲ್ಲ; ಅದರ ತಂತ್ರವನ್ನು ಬಳಸಿದ ಲಾರಿ ಚಾಲಕರ ಆಸನ 2010ರಲ್ಲಿ ಬಂದಿತು.

ಕೊನೆಯ ವರ್ಷಗಳು

2008ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಬೋಸ್ ಅವರ ಹೆಸರು ಸೇರಿತು. 2011ರಲ್ಲಿ ಅವರು ಕಂಪನಿಯ ಬಹುಪಾಲು ಷೇರುಗಳನ್ನು ಎಂಐಟಿಗೆ ದಾನ ಮಾಡಿದರು. ಈ ಷೇರುಗಳಿಗೆ ಮತದ ಹಕ್ಕಿಲ್ಲ; ಸಂಸ್ಥೆ ಅವನ್ನು ಮಾರುವಂತಿಲ್ಲ, ಕಂಪನಿಯ ಆಡಳಿತದಲ್ಲಿ ತಲೆಹಾಕುವಂತಿಲ್ಲ, ಲಾಭಾಂಶವನ್ನು ಮಾತ್ರ ಶಿಕ್ಷಣ ಮತ್ತು ಸಂಶೋಧನೆಗೆ ಬಳಸಬಹುದು. ದಾನದ ನಂತರವೂ ಕಂಪನಿ ಷೇರುಪೇಟೆಯಿಂದ ಹೊರಗೇ ಉಳಿಯಿತು.

ಪ್ರೇಮಾ ಅವರೊಡನೆ ಆದ ವಿವಾಹದಿಂದ ಬೋಸ್ ಅವರಿಗೆ ವನು ಮತ್ತು ಮಾಯಾ ಎಂಬ ಇಬ್ಬರು ಮಕ್ಕಳು. ಮುಂದೆ ಆ ದಂಪತಿ ವಿಚ್ಛೇದನ ಪಡೆದರು. ಮಗ ವನು ಬೋಸ್ ಕೂಡ ಎಂಐಟಿಯಲ್ಲಿ ಓದಿ, ಮೊಬೈಲ್ ಜಾಲಗಳ ತಂತ್ರಾಂಶ ರೇಡಿಯೊ ಕ್ಷೇತ್ರದಲ್ಲಿ ತಮ್ಮದೇ ಕಂಪನಿ ಕಟ್ಟಿದರು. ಅವರು 2017ರಲ್ಲಿ ನಿಧನರಾದರು. ಅಮರ್ ಬೋಸ್ 2013ರ ಜುಲೈ 12ರಂದು ಮ್ಯಾಸಚೂಸೆಟ್ಸ್‌ನ ವೇಲ್ಯಾಂಡ್‌ನಲ್ಲಿ, 83ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.